ಹೌದೆಂದರೆ ಸುಮ್ಮನಾದ ಮರಕುಟಿಗ

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಬಲ್ಗೇರಿಯಾದ ರೂಸೆ ಪಟ್ಟಣದ ಈಜುಕೊಳದಲ್ಲಿ ಇರುವುದು ಇಬ್ಬರೇ. ನೀರಿನಲ್ಲಿ ಜೊರ್ನಿತ್ಸಾ ದ್ರಾಗ್ನೆವಾ, ವಯಸ್ಸು ಮೂವತ್ತನಾಲ್ಕು, ಎರಡೂ ಕಣ್ಣು ಕಾಣುವುದಿಲ್ಲ. ಕೊಳದ ಅಂಚಿನಲ್ಲಿ ಪ್ರೊದಾನ್ ವೆಲೆವ್, ಎಪ್ಪತ್ತೊಂದು, ನಿವೃತ್ತ ಟ್ರಾಲಿಬಸ್ ಚಾಲಕ. ಅವರ ಕೈಯಲ್ಲಿ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿದ ಉದ್ದನೆಯ ಕೋಲಿದೆ.

ಜೊರ್ನಿತ್ಸಾ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಗೋಡೆಯನ್ನು ಒದ್ದು ಹೊರಡುತ್ತಾರೆ. ಇಪ್ಪತ್ತೈದು ಮೀಟರ್ ಕೊಳ. ಎಲ್ಲಿಯೂ ವೇಗ ತಗ್ಗಿಸುವುದಿಲ್ಲ. ಎದುರಿನ ಗೋಡೆ ಇನ್ನು ಒಂದೂವರೆ ಮೀಟರ್ ಇದೆ ಎನ್ನುವಾಗ ಟೋಪಿಯೊಳಗಿನ ಬೆಂಕಿಪೊಟ್ಟಣದಷ್ಟು ಡಬ್ಬಿ ಅವರ ತಲೆಯ ಹಿಂಭಾಗಕ್ಕೆ ಟಕಟಕನೆ ಮೂರು ಸಲ ಕುಟ್ಟುತ್ತದೆ. ಅವರು ಮಗುಚಿ, ಗೋಡೆಗೆ ಕಾಲು ಕೊಟ್ಟು ಹಿಂದಿರುಗುತ್ತಾರೆ. ಪ್ರೊದಾನ್ ಕೋಲನ್ನು ಎತ್ತಿ ಹಿಡಿದೇ ಇದ್ದಾರೆ, ಬಳಸಿಲ್ಲ.

"ಎಂಟಕ್ಕೆ ಎಂಟು. ಹದಿನಾರನೇದು ಆಯ್ತು," ಎನ್ನುತ್ತಾರೆ ಜೊರ್ನಿತ್ಸಾ ಅಂಚು ಹಿಡಿದು. "ಹದಿನೇಳು ಕೊಡು ಚಿಚೊ."

ಚಿಚೊ ಎಂದರೆ ಚಿಕ್ಕಪ್ಪ. ಇಬ್ಬರಿಗೂ ನೆಂಟಸ್ತಿಕೆಯೇನಿಲ್ಲ.

"ಸ್ವಲ್ಪ ಉಸಿರು ತಗೊಳ್ಳೇ. ಡಬ್ಬಿಗೇನು, ಅದಕ್ಕೆ ಶ್ವಾಸಕೋಶ ಇಲ್ಲ."

"ನಿಂಗೂ ಇಲ್ಲ. ಮೂವತ್ತು ವರ್ಷ ಸಿಗರೇಟು ಸೇದಿ ಮುಗಿಸಿದೀಯ."

ಡಬ್ಬಿಗೆ ಜೊರ್ನಿತ್ಸಾ ಇಟ್ಟ ಹೆಸರು ಕಲ್ವಾಚ್, ಅಂದರೆ ಮರಕುಟಿಗ. ಗೋಡೆಗೆ ತೂಗುಹಾಕಿದ ಪಟ್ಟಿಯೊಂದು ಮನುಷ್ಯರ ಕಿವಿಗೆ ಕೇಳದ ಸದ್ದನ್ನು ನೀರಿನಲ್ಲಿ ಬಿಡುತ್ತದೆ. ಡಬ್ಬಿ ಅದನ್ನು ಕೇಳಿಸಿಕೊಂಡು ದೂರ ಅಳೆಯುತ್ತದೆ. ಕಣ್ಣು ಕಾಣದ ಈಜುಗಾರರಿಗೆ ಗೋಡೆ ಬಂತೆಂದು ತಿಳಿಸುವುದಷ್ಟೇ ಇದರ ಕೆಲಸ. ಜೊರ್ನಿತ್ಸಾ ಪ್ರತಿ ಡಬ್ಬಿಯನ್ನೂ ತಾವೇ ಧರಿಸಿ, ಪೂರ್ಣ ವೇಗದಲ್ಲಿ ಎಂಟು ಸಲ ಗೋಡೆಯತ್ತ ಈಜುತ್ತಾರೆ. ಒಂದು ಬೆಳಿಗ್ಗೆಗೆ ಮೂರು ಡಬ್ಬಿ. ಇಂದು ಆರನೇ ಬೆಳಿಗ್ಗೆ.

ಈ ಹದಿನೆಂಟು ಡಬ್ಬಿಗಳು ಹೋಗಬೇಕಿರುವುದು ಪೋಲೆಂಡಿನ ಲುಬ್ಲಿನ್‌ಗೆ, ಅಲ್ಲಿನ ಕಣ್ಣು ಕಾಣದ ಈಜುಗಾರರಿಗೆ. ಮಾರ್ಚ್‌ನಲ್ಲಿ ಅವು ಒಮ್ಮೆ ಹೋಗಿ, ಮೊದಲ ದಿನವೇ ಒಬ್ಬರ ಬೆರಳು ಮುರಿದು ವಾಪಸು ಬಂದವು. ಆ ಬೆರಳಿನ ಒಡತಿ ಮತ್ತೆ ಮರಕುಟಿಗನನ್ನು ತಲೆಗೆ ಏರಿಸುತ್ತಾರೋ ಇಲ್ಲವೋ, ಇನ್ನೂ ಹೇಳಿಲ್ಲ.

ಜೊರ್ನಿತ್ಸಾಗೆ ದೃಷ್ಟಿ ಹೋದದ್ದು ಹನ್ನೊಂದನೇ ವಯಸ್ಸಿನಲ್ಲಿ. ವಾರ್ನಾದ ವಸತಿ ಶಾಲೆಯಲ್ಲಿ ಈಜು ಕಲಿತರು. ನಂತರ, ಇಲ್ಲಿ ಕಣ್ಣಿಲ್ಲದವರಲ್ಲಿ ಬಹಳ ಮಂದಿ ಮಾಡುವಂತೆ, ಅಂಗಮರ್ದನ ಕಲಿತು ಆಸ್ಪತ್ರೆ ಸೇರಿದರು. ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ತಮ್ಮ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ನಾಲ್ಕು ಸಲ ಗೆದ್ದಿದ್ದಾರೆ. ನಾಲ್ಕೂ ಸಲ ಗೋಡೆಯ ಬಳಿ ಕೋಲು ಹಿಡಿದು ಅವರ ತಲೆಗೆ ತಟ್ಟಿದವರು ಪ್ರೊದಾನ್. ಹದಿನಾಲ್ಕು ವರ್ಷದಿಂದ ಇದೇ ನಡೆದಿದೆ.

ಆರು ವರ್ಷದ ಹಿಂದೆ ಪ್ರೊದಾನ್ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹತ್ತು ವಾರ ಮಲಗಿದರು. ಜೊರ್ನಿತ್ಸಾ ಹತ್ತು ವಾರ ನೀರಿಗಿಳಿಯಲಿಲ್ಲ. "ಕೋಲು ಹಿಡಿಯೋರು ಇಲ್ಲ ಅಂದ್ರೆ ನಂಗೆ ಕೊಳವೇ ಇಲ್ಲ. ಅವತ್ತು ಅರ್ಥ ಆಯ್ತು," ಎನ್ನುತ್ತಾರೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಬರೆಯುವುದನ್ನು ಆ ಹತ್ತು ವಾರದಲ್ಲೇ ಶುರುಮಾಡಿದರು. ಹನ್ನೊಂದು ಮಾದರಿಗಳಾದವು. ಆರನೆಯದಕ್ಕೆ ನೀರು ನುಗ್ಗಿತು. ಒಂಬತ್ತನೆಯದು ಗೋಡೆ ಬಂದ ಮೇಲೆ ಕುಟ್ಟಿತು; ಜೊರ್ನಿತ್ಸಾರ ಮುಂಬಲ್ಲೊಂದು ಈಗ ಕಟ್ಟಿಸಿದ್ದು.

ಕಂಪನಿ ಎಂದರೆ ಅವರೊಬ್ಬರೇ. ಅಂಗಮರ್ದನದ ಸಂಬಳವೇ ಬಂಡವಾಳ. ಮಧ್ಯಾಹ್ನ ಆರು ರೋಗಿಗಳು, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಜೋಡಣೆ. ಉಪ್ಪಿನಕಾಯಿ ಜಾಡಿಗಳ ಮುಚ್ಚಳದಲ್ಲಿ ಸ್ಕ್ರೂ, ರಬ್ಬರ್ ಬಳೆ, ಬ್ಯಾಟರಿ. ಸರ್ಕ್ಯೂಟ್‌ಗಳು ಗಾಬ್ರೊವೊದ ಸಣ್ಣ ಕಾರ್ಖಾನೆಯಿಂದ ಬರುತ್ತವೆ. ಅಲ್ಲಿನ ಕೆಲಸಗಾರ್ತಿಯೊಬ್ಬರು ಪ್ರತಿಯೊಂದರ ಬಲಮೂಲೆಗೂ ಅರದಿಂದ ಒಂದು ಗೀರು ಹಾಕಿ ಕಳಿಸುತ್ತಾರೆ, ಬೆರಳಿಗೆ ಮೇಲು ಕೆಳಗು ತಿಳಿಯಲೆಂದು. ಯಾರೂ ಕೇಳಿಕೊಂಡಿರಲಿಲ್ಲ.

"ಗಾಬ್ರೊವೊದವರು ಪುಕ್ಕಟೆಯಾಗಿ ಕೊಟ್ಟಿದ್ದು ಇದೊಂದೇ, ಗೀರು," ಎಂದು ಪ್ರೊದಾನ್ ಛೇಡಿಸುತ್ತಾರೆ. ಜಿಪುಣತನಕ್ಕೆ ಆ ಊರು ದೇಶಕ್ಕೆಲ್ಲ ಗಾದೆ.

"ಅವಳ ಹೆಸರೂ ನಂಗೊತ್ತಿಲ್ಲ ಚಿಚೊ. ಗೀರಿಗೆ ಮಾತ್ರ ದಿನಾ ಥ್ಯಾಂಕ್ಸ್ ಹೇಳ್ತೀನಿ."

ಒಮ್ಮೆ ಸೋಫಿಯಾದಿಂದ ಹಣ ಹೂಡುವವರೊಬ್ಬರು ಫೋನ್ ಮಾಡಿದ್ದರಂತೆ. "ಎಷ್ಟು ಜನ ಇದೀರಿ ಅಂದ್ರು. ಒಬ್ಳು ಅಂದೆ. ಮತ್ತೆ ಯಾರು ಅಂದ್ರು. ಮತ್ತೆ ಬೆಳಿಗ್ಗೆ ಈಜೋಕೂ ಅದೇ ಒಬ್ಳು ಅಂದೆ. ಆಮೇಲೆ ಫೋನ್ ಬರ್ಲಿಲ್ಲ."

ಲುಬ್ಲಿನ್‌ಗೆ ಮೊದಲು ಮರಕುಟಿಗ ದೇಶದ ಗಡಿ ದಾಟಿರಲಿಲ್ಲ. ಮಾರಾಟವಾದ ಅರವತ್ತೊಂದೂ ವಾರ್ನಾ, ಪ್ಲೊವ್ದಿವ್, ಸೋಫಿಯಾಗಳಲ್ಲೇ ಇದ್ದವು. ಒಂದೇ ಒಂದು ದೂರು ಇರಲಿಲ್ಲ. ಪೋಲೆಂಡಿನಲ್ಲಿ ಅದನ್ನು ಮೊದಲು ಧರಿಸಿದವರು ದನುತಾ, ನಲವತ್ತೊಂದು ವರ್ಷದ ಟೆಲಿಫೋನ್ ಆಪರೇಟರ್. ಡಬ್ಬಿ ಇದೆಯಲ್ಲ ಎಂದು ಕೋಲು ಹಿಡಿಯುವವರು ದೂರ ನಿಂತಿದ್ದರು. ಡಬ್ಬಿ ಕುಟ್ಟಲಿಲ್ಲ. ದನುತಾರ ಬಲಗೈ ತೋರುಬೆರಳು ಗೋಡೆಗೆ ಬಡಿದು ಮುರಿಯಿತು.

ಸುದ್ದಿ ತಿಳಿದ ದಿನ ಜೊರ್ನಿತ್ಸಾ ರಜೆ ಹಾಕಿ ದನುತಾಗೆ ಫೋನ್ ಹಚ್ಚಿದರು. ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ ಮಾತು ನಡೆಯಿತು.

"ಡಬ್ಬಿ ಶುರು ಮಾಡಿದ್ರಾ?"

"ಮಾಡ್ದೆ. ನೀವು ಬರೆದ ಹಾಗೇ. ಹೌದು ಅಂತ ಎರಡು ಸಲ ತಲೆ ಆಡಿಸ್ದೆ. ಟಕ್ ಅಂತು."

"ಹೇಗೆ ಆಡಿಸಿದ್ರಿ?"

"ಹೇಗೆ ಅಂದ್ರೆ? ಹೌದು ಅನ್ನೋಕೆ ಎಷ್ಟು ರೀತಿ ಇದೆ? ಮೇಲೆ, ಕೆಳಗೆ."

ತಪ್ಪು ಎಲ್ಲೆಂದು ಜೊರ್ನಿತ್ಸಾಗೆ ಗೊತ್ತಾಯಿತು. ಬಲ್ಗೇರಿಯಾದಲ್ಲಿ ಹೌದು ಎಂದರೆ ತಲೆ ಅತ್ತಿಂದಿತ್ತ. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಕಣ್ಣಿದ್ದ ಹನ್ನೊಂದು ವರ್ಷ ಅವರು ನೋಡಿದ್ದು ಅದನ್ನೇ. ಒದ್ದೆ ಕೈಯಲ್ಲಿ ಗುಂಡಿ ಒತ್ತುವ ಕಷ್ಟ ಬೇಡವೆಂದು ಡಬ್ಬಿಗೆ ತಲೆಯಾಟ ಕಲಿಸಿದ್ದರು. ಕೈಪಿಡಿಯಲ್ಲಿ ಬರೆದದ್ದು ಒಂದೇ ಸಾಲು: ಶುರುವಿಗೆ ಎರಡು ಸಲ ತಲೆಯಾಡಿಸಿ ಹೌದೆನ್ನಿ, ನಿಲ್ಲಿಸಲು ಇಲ್ಲವೆನ್ನಿ. ಎರಡಕ್ಕೂ ಡಬ್ಬಿ ಒಂದೇ ಬಗೆಯಲ್ಲಿ ಟಕ್ ಎನ್ನುತ್ತಿತ್ತು.

ಇದನ್ನು ವಿವರಿಸಿದಾಗ ದನುತಾ ಹೇಳಿದರು: "ಅಂದ್ರೆ ನಾನು ಬೇಡ ಅಂದೆ, ಅದು ಬಾಯಿ ಮುಚ್ಕೊಂಡು ಕೇಳ್ತು."

"ಹೌದು."

"ನನ್ನ ಗಂಡನಿಗಿಂತ ವಾಸಿ." ಆಮೇಲೆ ದನಿ ತಗ್ಗಿತು. "ಆದ್ರೆ ಅದು ನನ್ನ ಓದೋ ಬೆರಳು ಕಣ್ರೀ." ಬ್ರೈಲ್ ಓದಲು ಅವರು ಬಳಸುತ್ತಿದ್ದುದು ಆ ಬೆರಳನ್ನೇ. ಏಳು ವಾರ ಅವರು ಏನನ್ನೂ ಓದಲಿಲ್ಲ.

ದೂರು ಕೊಡಲಿಲ್ಲ. ಎಡಗೈಯಲ್ಲಿ ಎರಡು ಪುಟ ಬ್ರೈಲ್ ಕುಟ್ಟಿ ಕಳಿಸಿದರು: ದಪ್ಪ ಕೂದಲಿನವರಿಗೆ ಕುಟುಕು ಸಾಲದು, ಪಟ್ಟಿಯ ಕೊಕ್ಕೆ ಬಿಗಿಯಿಲ್ಲ, ಟೋಪಿಯ ಅಂಚು ಕಿವಿಗೆ ಕೊರೆಯುತ್ತದೆ. "ಬೆರಳು ಮುರಿದುಕೊಂಡ ಹೆಂಗಸು ನಂಗೆ ಟೋಪಿ ಅಂಚಿನ ಬಗ್ಗೆ ಬರೀತಾಳೆ. ಅಂಥ ಋಣ ಹೇಗೆ ತೀರಿಸ್ತೀರಿ?" ಎಂದು ಜೊರ್ನಿತ್ಸಾ ಕೇಳುತ್ತಾರೆ.

ಪ್ರೊದಾನ್ ಸಮಾಧಾನ ಹೇಳಿದ್ದು ತಮ್ಮದೇ ರೀತಿಯಲ್ಲಿ. "ಇಡೀ ಪ್ರಪಂಚ ತಲೇನ ತಪ್ಪಾಗಿ ಆಡಿಸಿದ್ರೆ ನೀನೇನು ಮಾಡ್ತೀಯ?"

"ಪ್ರಪಂಚ ದೊಡ್ಡದು ಚಿಚೊ. ನಾವು ಅರವತ್ತು ಲಕ್ಷ ಚಿಲ್ರೆ ಜನ."

ಲುಬ್ಲಿನ್‌ನ ಹದಿನೆಂಟರ ಜೊತೆಗೆ ದೇಶದೊಳಗಿನ ಅರವತ್ತೊಂದನ್ನೂ ಅವರು ವಾಪಸು ತರಿಸಿಕೊಂಡರು. ಹೊಸ ಮರಕುಟಿಗ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ: ನೀರು ತಾಗಿದರೆ ಉದ್ದಕ್ಕೆ ಗುಂಯ್ ಎಂದು ತಾನೇ ಶುರುವಾಗುತ್ತದೆ, ಒಣಗಿದರೆ ನಿಲ್ಲುತ್ತದೆ. ಇದು ಮೊದಲೇ ಏಕೆ ಹೊಳೆಯಲಿಲ್ಲ ಎಂದರೆ ಉತ್ತರ ಚಿಕ್ಕದು. "ಜಾಣತನ ತೋರಿಸೋಕೆ ಹೋಗಿದ್ದೆ."

ಹದಿನೇಳನೆಯದು ಎಂಟಕ್ಕೆ ಎಂಟು ಕುಟ್ಟುತ್ತದೆ. ಉಳಿದದ್ದು ಒಂದು. ಗಂಟೆ ಆರೂವರೆ, ಏಳಕ್ಕೆ ಸಾರ್ವಜನಿಕರು ಬರುತ್ತಾರೆ. ಕೊಳದ ಕಾವಲುಗಾರ ಎರಡು ಬನಿತ್ಸಾ ರೊಟ್ಟಿ ಬೆಂಚಿನ ಮೇಲಿಟ್ಟು ಹೋಗುತ್ತಾನೆ. ನಾಲ್ಕು ವರ್ಷದಿಂದ ಬೆಳಗಿನ ಬೀಗ ತೆಗೆಯುವವನು ಅವನೇ.

ಹದಿನೆಂಟನೆಯದರ ಮೊದಲ ಆರು ಗೋಡೆಗಳು ಸರಿಯಾಗಿವೆ. ಏಳನೆಯದಕ್ಕೆ ಪ್ರೊದಾನ್ ಮುಂದಕ್ಕೆ ಬಾಗುತ್ತಾರೆ. ಜೊರ್ನಿತ್ಸಾರ ತೋಳು ಒಂದು ಬೀಸು ಹೆಚ್ಚು ಬೀಸಿದ್ದು ಅವರಿಗೆ ಕಾಣುತ್ತದೆ. ಕೋಲು ಇಳಿಯುತ್ತದೆ. ತಲೆಗೆ ಚೆಂಡು ತಾಗುತ್ತದೆ, ಕೈ ಗೋಡೆಗೆ ಮೆತ್ತಗೆ.

"ಕುಟ್ಟಲಿಲ್ವಾ?"

"ಇಲ್ಲ. ನೀನು ಕುಟ್ಟಿದೆ." ಜೊರ್ನಿತ್ಸಾ ಡಬ್ಬಿ ಬಿಡಿಸಿ, ಅಂಚಿನ ಸುತ್ತ ಉಗುರು ಓಡಿಸುತ್ತಾರೆ. ಒಂದು ಕಡೆ ಉಗುರು ನಿಲ್ಲುತ್ತದೆ. ಅಂಟು ಕೂದಲೆಳೆಯಷ್ಟು ಬಿಟ್ಟಿದೆ. "ಸದ್ಯ, ಇಲ್ಲೇ ಸಿಕ್ತು."

"ಅದಕ್ಕೇ ಹೇಳೋದು, ಮುದುಕರನ್ನ ಮನೆಗೆ ಕಳಿಸ್ಬೇಡಿ ಅಂತ."

"ಕಳಿಸ್ತೀನಿ ಅಂದೋರ್ಯಾರು? ಸ್ಪರ್ಧೇಲಿ ಡಬ್ಬಿ ಬಿಡಲ್ಲ, ನೀನೇ ಬೇಕು." ಜೊರ್ನಿತ್ಸಾ ಟೋಪಿ ಹಿಂಡುತ್ತಾರೆ. ಮುಂದೇನು ಎಂಬ ಪ್ರಶ್ನೆಗೆ ಅವರಲ್ಲಿ ದೊಡ್ಡ ಯೋಜನೆಯಿಲ್ಲ. "ಕೋಲು ಹಿಡಿಯೋರು ಸಿಗ್ಲಿಲ್ಲ ಅಂತ ಯಾರೂ ಮನೇಲಿ ಕೂತ್ಕೋಬಾರ್ದು. ನಂಗೆ ಅಷ್ಟು ಸಾಕು."

ಬೆಂಚಿನ ಮೇಲೆ ಕೂತು ಲುಬ್ಲಿನ್‌ಗೆ ಫೋನ್ ಮಾಡುತ್ತಾರೆ. ಹದಿನೇಳು ಬರುತ್ತವೆ, ಒಂದು ತಡ ಎನ್ನುತ್ತಾರೆ.

"ಅದೊಂದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?" ಎಂದು ದನುತಾ ಕೇಳುತ್ತಾರೆ.

"ಈಗ ನನ್ನ ತಲೆ ಮೇಲೇ ಇತ್ತು. ಗೋಡೆ ಹತ್ರ."

"ಎಲ್ಲಾನೂ ನೀವೇ ಹಾಕ್ಕೊಂಡು ಈಜ್ತೀರಾ?"

"ಎಲ್ಲಾನೂ."

ಆ ಕಡೆ ದನುತಾ ಯಾರಿಗೋ ಪೋಲಿಷ್‌ನಲ್ಲಿ ಏನೋ ಹೇಳಿ ಮತ್ತೆ ಫೋನಿಗೆ ಬರುತ್ತಾರೆ. "ಸರಿ. ಮೊದ್ಲನೇದು ನಂಗೇ ಇರ್ಲಿ."

ಹದಿನೇಳು ಡಬ್ಬಿಗಳು ಅಂದೇ ಅಂಚೆಗೆ ಹೋದವು. ಮುಂದಿನ ಗುರುವಾರ ದನುತಾ ಲುಬ್ಲಿನ್‌ನ ಕೊಳದಲ್ಲಿ ನಲವತ್ತು ಗೋಡೆ ಈಜಿದರು. ಶುಕ್ರವಾರವೂ ಬಂದರು.