ಐದು ಸೇರು ಜೋಳ, ಮೂರು ಶೇರು

ಕಾರ್ತಿಕದ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ರಾಯಚೂರು, ರೊಟ್ಟಿ ಮನೆಯ ಪಡಸಾಲೆ. ಹಾಜರಿದ್ದವರು: ರೊಟ್ಟಿ ಬಡಿಯುವ ಹನ್ನೊಂದು ಹೆಂಗಸರಲ್ಲಿ ಹತ್ತು ಜನ, ಅವರಲ್ಲಿ ಒಬ್ಬಳೂ ಅವರೆಲ್ಲರ ಮುಂದಾಳೂ ಆದ ನನ್ನ ತಂಗಿಯ ಮಗಳು ಹುಲಿಗೆಮ್ಮ, ಮತ್ತು ನಡಾವಳಿ ಬರೆಯಲು ನಾನು. ಗೈರುಹಾಜರಿ: ಕಲ್ಲೂರಿನ ತಾಯಮ್ಮ, ಬಸ್ಸಿನಲ್ಲಿ ಬರುತ್ತಿದ್ದಾಳೆ.

ಹೀಗೆ ನಾಲ್ಕು ಸಾಲು ಬರೆಯದಿದ್ದರೆ ನನಗೆ ಕೆಲಸ ಶುರುವಾದಂತೆ ಅನಿಸುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಕಳೆದ ಅಷ್ಟೂ ವರ್ಷ, ಪಾಳಿಗೆ ಬಂದೊಡನೆ ಗಂಟೆ, ಹಾಜರಿ, ಯಾರು ಎದ್ದರು, ಯಾರು ಉಣ್ಣಲಿಲ್ಲ ಎಂದು ಬರೆದೇ ಮುಂದಿನ ಹೆಜ್ಜೆ ಇಟ್ಟವಳು ನಾನು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ, ಹಾಸಿಗೆಯ ನಾಲ್ಕೂ ಮೂಲೆ ಮಡಿಸುತ್ತೇನೆ, ಮೇಜಿನ ಮೇಲಿರುವ ಕಬ್ಬಿಣದ ಸೇರಿನಿಂದ ಒಂದು ಪೆನ್ನು ಎತ್ತಿಕೊಳ್ಳುತ್ತೇನೆ. ಹೌದು, ಸೇರು, ಕಾಳು ಅಳೆಯುವ ಸೇರು. ನನ್ನ ಅವ್ವನದು. ಅಳೆಯಲು ಕಾಳಿಲ್ಲದ ಮನೆಯಲ್ಲಿ ಅದೀಗ ಪೆನ್ನು, ಕತ್ತರಿ, ಹಳೆಯ ಥರ್ಮಾಮೀಟರುಗಳ ವಸತಿಗೃಹ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಮೊದಲು ಆ ದಿನದ ವಿಷಯ ಕೇಳಿ.

ರೊಟ್ಟಿ ಮನೆಯ ರೊಟ್ಟಿಗೆ ಯರಗೇರಾದ ಹಾಸ್ಟೆಲ್ಲುಗಳಿಂದ ಹಿಡಿದು ಹೈದರಾಬಾದಿನ ಅಂಗಡಿಗಳವರೆಗೆ ಗಿರಾಕಿಗಳಿದ್ದಾರೆ. ಜೋಳದ ಹಿಟ್ಟು ಹಳತಾದರೆ ಜಿಗುಟು ಸಾಯುತ್ತದೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಆದ್ದರಿಂದ ಇವರಿಗೆ ಸ್ವಂತ ಗಿರಣಿ ಬೇಕು, ಖಡಕ್ ರೊಟ್ಟಿ ಮುರಿಯದಂತೆ ಕಟ್ಟುವ ಯಂತ್ರವೂ ಬೇಕು. ಸಾಲ ತಂದರೆ ರೊಟ್ಟಿ ಹೋಗಲಿ ಬಿಡಲಿ ಬಡ್ಡಿ ಓಡುತ್ತದೆ. ಹುಲಿಗೆಮ್ಮ ಇನ್ನೊಂದು ದಾರಿ ಹಿಡಿದಳು. ರೊಟ್ಟಿ ಮನೆಯನ್ನು ಕಂಪನಿಯೆಂದು ನೋಂದಾಯಿಸಿ, ಅದನ್ನು ನೂರು ಸಮಪಾಲು ಮಾಡಿ, ಒಂದೊಂದು ಪಾಲನ್ನು ಎರಡೆರಡು ಸಾವಿರಕ್ಕೆ ಮಾರುವುದು. ಪಾಲು ಕೊಂಡವರು ಸಾಲ ಕೊಟ್ಟವರಲ್ಲ, ಒಡೆಯರು. ಪೇಪರಿನಲ್ಲಿ ದಿನವೂ ಹೆಸರು ಬರುವ ದೊಡ್ಡ ದೊಡ್ಡ ಕಂಪನಿಗಳು ಮುಖ ಕಾಣದ ಲಕ್ಷಾಂತರ ಜನರಿಗೆ ಶೇರು ಮಾರಿ ಬಂಡವಾಳ ಎತ್ತುವುದೂ ಹೀಗೆಯೇ. ಅಲ್ಲಿ ಗಂಟೆ ಬಾರಿಸಿ ಫೋಟೋ ತೆಗೆಯುತ್ತಾರೆ. ಇಲ್ಲಿ ಹಂಚು ಇಳಿಸಿ ಕೈ ತೊಳೆದುಕೊಂಡು ಕುಳಿತಿದ್ದೆವು, ಅಷ್ಟೇ ವ್ಯತ್ಯಾಸ.

ತೊಡಕು ಇದ್ದದ್ದು ಒಂದೇ ಕಡೆ. ಕಿರಾಣಿ ವ್ಯಾಪಾರದ ಬಸಣ್ಣ ಸಾವುಕಾರರು ಅರವತ್ತು ಶೇರು ತಾವೇ ಕೊಳ್ಳುವುದಾಗಿ ಹೇಳಿದ್ದರು. ಒಳ್ಳೆಯ ಮನುಷ್ಯರೇ; ಮಾತಿಗೆ ತಪ್ಪಿದವರಲ್ಲ. ಆದರೆ ಕಂಪನಿಯಲ್ಲಿ ತಲೆ ಎಣಿಸುವುದಿಲ್ಲ, ಶೇರು ಎಣಿಸುತ್ತಾರೆ. ಅರವತ್ತು ಅವರದಾದರೆ ರೊಟ್ಟಿಯ ಅಳತೆ, ಕೂಲಿ, ರಜೆ, ಕೊನೆಗೆ ಹುಲಿಗೆಮ್ಮ ಮುಂದಾಳಾಗಿ ಇರಬೇಕೋ ಬೇಡವೋ ಎಂಬುದೂ ಅವರ ಬಾಯಲ್ಲಿ. ಆದ್ದರಿಂದ ಬಡಿಯುವ ಹನ್ನೊಂದು ಜನ ಐದೈದು ಕೊಂಡರೆ ಐವತ್ತೈದು ಇವರದು, ಉಳಿದ ನಲವತ್ತೈದು ಸಾವುಕಾರರದು ಎಂದು ಲೆಕ್ಕ ಹಾಕಿದ್ದೆವು. ಹತ್ತು ಜನ ಒಪ್ಪಿ ಹಣ ಕಟ್ಟಿಯೂ ಆಗಿತ್ತು. ಐವತ್ತು. ಸರಿ ಅರ್ಧ. ತಕ್ಕಡಿಯ ಮುಳ್ಳು ನಡುವೆ ನಿಂತಿತ್ತು. ಅದು ಇತ್ತ ವಾಲಬೇಕಾದರೆ ತಾಯಮ್ಮ ಬರಬೇಕು. ಸಂಜೆ ನಾಲ್ಕಕ್ಕೆ ಸಾವುಕಾರರು ಬರುವವರಿದ್ದರು.

ತಾಯಮ್ಮ ಬಂದಳು, ಹನ್ನೆರಡೂವರೆಗೆ. ತಲೆಯ ಮೇಲೆ ಚೀಲ, ಕಂಕುಳಲ್ಲಿ ಒಂದು ಸೇರು. ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ ಅಂದಳು:

“ಸಿಸ್ಟರಮ್ಮಾ, ಬರಕೊ. ಐದು ಸೇರು. ನಮ್ಮ ಹೊಲದ ಬಿಳಿಜ್ವಾಳ. ನನ್ನ ಸೇರೂ ತಂದೀನಿ, ನಿಮ್ಮ ಅಳತಿ ಮ್ಯಾಲೆ ನನಗ ನಂಬಿಗಿಲ್ಲ.”

ಪಡಸಾಲೆಯಲ್ಲಿ ಎದ್ದ ನಗು ಬೀದಿಗೆ ಕೇಳಿಸಿರಬೇಕು. ಹುಲಿಗೆಮ್ಮ ಹೊಟ್ಟೆ ಹಿಡಿದುಕೊಂಡು ಕುಳಿತಳು. ನಗಲಾರದವಳು ನಾನೊಬ್ಬಳೇ. ಏಕೆಂದರೆ ತಪ್ಪು ನನ್ನದು. ಫೋನಿನಲ್ಲಿ “ಐದು ಶೇರು” ಎಂದವಳು ನಾನು, “ತರ್ತೀನಿ ತಗೊ” ಎಂದವಳು ಅವಳು. ವಾರ್ಡಿನಲ್ಲಿ ಹೊಸ ಹುಡುಗಿಗೆ ಔಷಧದ ಪ್ರಮಾಣ ಹೇಳಿದರೆ ಅವಳ ಬಾಯಿಂದ ತಿರುಗಿ ಹೇಳಿಸದೆ ನಾನು ಕದಲಿದವಳಲ್ಲ. ಇಲ್ಲಿ ಮಾತ್ರ ಆ ನಿಯಮ ಮರೆತೆ. ನಮ್ಮ ಕಡೆಯ ನಾಲಿಗೆಗೆ ಶಕಾರ ಸಕಾರಗಳ ಜಗಳ ಗೊತ್ತಿಲ್ಲ ಎಂಬುದು, ದೇವದುರ್ಗದ ಕೂಲಿಯವಳ ಮಗಳಾಗಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು.

ಶಬ್ದಗಳೂ ನಮ್ಮ ಬಸ್‌ಸ್ಟ್ಯಾಂಡಿನ ಜನರ ಹಾಗೆ ನೋಡಿ. ಎಲ್ಲಿಂದಲೋ ಬಂದಿರುತ್ತವೆ, ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಇಂಗ್ಲಿಷಿನಿಂದ ಬಂದ ಶೇರು ಪಾಲು. ನಮ್ಮ ನೆರೆಮನೆಯ ಮೌಲಾನಾರ ಬಾಯಲ್ಲಿ ಶೇರ್ ಎಂದರೆ ಎರಡು ಸಾಲಿನ ಕವಿತೆ, ಇನ್ನೊಮ್ಮೆ ಹುಲಿ; ಹುಲಿಯೇನೋ ನಮ್ಮ ಹುಲಿಗೆಮ್ಮನ ಹೆಸರಲ್ಲೇ ಇದೆ. ಸಂತೆಯಲ್ಲಿ ಸೇರು ಅಳತೆ. ಇವೆಲ್ಲಕ್ಕಿಂತ ಮೊದಲೇ ಕನ್ನಡದಲ್ಲಿ ಸೇರು ಎಂದರೆ ಕೂಡಿಕೋ, ಒಂದಾಗು. ಇಷ್ಟೂ ಅರ್ಥಗಳು ಆ ಮಧ್ಯಾಹ್ನ ಒಂದು ಚೀಲದ ಸುತ್ತ ನೆರೆದಿದ್ದವು ಎಂದು ನನಗೆ ಈಗ ಅನಿಸುತ್ತದೆ. ಆಗ ಅನಿಸಿದ್ದು ಗಡಿಯಾರ ಒಂದು ಗಂಟೆ ತೋರಿಸುತ್ತಿದೆ ಎಂಬುದಷ್ಟೇ.

ಹುಲಿಗೆಮ್ಮ ಅವಳಿಗೆ ನಿಜ ಹೇಳಿದಳು. ತಾಯಮ್ಮನ ಮುಖ ಬಿಗಿದುಕೊಂಡಿತು. ಅವಳ ಸೊಂಟದ ಚಂಚಿಯಲ್ಲಿ ಹತ್ತು ಸಾವಿರವೇನೋ ಇತ್ತು, ಮರುದಿನದ ಸಂತೆಯಲ್ಲಿ ಎರಡು ಆಡು ಕೊಳ್ಳಲೆಂದು ವರ್ಷದಿಂದ ಕೂಡಿಟ್ಟದ್ದು.

“ಶೇರು ಅಂದ್ರ ಅದೇ ಅಲ್ಲೇನು, ನಮ್ಮ ಮೈದುನ ಹಾಕಿ ಮುಳುಗಿದ್ದು? ಆಡು ಈಯ್ತದ. ನಿಮ್ಮ ಶೇರು ಈಯ್ತದೇನು?”

“ಲಾಭ ಬಂದ ವರ್ಷ ಈಯ್ತದಬೇ, ಬರದ ವರ್ಷ ಬರಡು,” ಅಂದಳು ಹುಲಿಗೆಮ್ಮ.

“ಆಡು ಸತ್ರ ಚರ್ಮರ ಉಳೀತದ.”

ಆಗ ನನಗೊಂದು ಸುಲಭದ ದಾರಿ ಹೊಳೆಯಿತು. ಬ್ಯಾಂಕಿನಲ್ಲಿ ನನ್ನ ಪಿಂಚಣಿಯ ಉಳಿತಾಯವಿದೆ. ಆ ಐದು ಶೇರನ್ನು ನಾನೇ ಕೊಂಡರೆ ನಾಲ್ಕರೊಳಗೆ ಎಲ್ಲ ಮುಗಿದೀತು, ನಡಾವಳಿಗೆ ಸಹಿಯೂ ಆದೀತು. ಹಾಗೆಂದು ಬಾಯಿ ತೆರೆದೆ.

“ಯವ್ವಾ!” ಎಂದಳು ತಾಯಮ್ಮ, ಕೈ ಅಡ್ಡ ಹಿಡಿದು. “ನೀ ಯಾವಾಗ ರೊಟ್ಟಿ ಬಡದೀ? ಸಾವುಕಾರ ಬ್ಯಾಡಂತ ನಿನ್ನ ಸಾವುಕಾರ್ತಿ ಮಾಡ್ಬೇಕೇನು ನಾವು? ಸೂಜಿ ಚುಚ್ಚಿದ ಕೈ ಅದು. ಹೇಳಾದು ಹೇಳು, ಸುಮ್ನ ಕುಂದ್ರು.”

ಮೂವತ್ತು ಹಾಸಿಗೆಯ ವಾರ್ಡನ್ನು ಕಣ್ಣಿನಲ್ಲೇ ಆಳಿದವಳಿಗೆ ಹೀಗೆ ಹೇಳಿದವರು ಕಡಿಮೆ. ಆದರೆ ಅವಳ ಮಾತು ಸರಿಯಾಗಿತ್ತು. ಒಬ್ಬರ ಹಿತಕ್ಕಾಗಿ ಅವರ ಪಾಲನ್ನು ನಾವೇ ಹಿಡಿದುಕೊಳ್ಳುವುದು, ಎಷ್ಟೇ ಅಂತಃಕರಣದಿಂದ ಮಾಡಿದರೂ, ಹಿಡಿದುಕೊಳ್ಳುವುದೇ. ಬಾಯಿ ಮುಚ್ಚಿ, ನನ್ನಿಂದಾಗುವ ಕೆಲಸಕ್ಕೆ ಇಳಿದೆ: ಹೇಳುವುದು. ಹದಿನೈದು ದಿನ ಹೂಡಿಕೆ, ಬಂಡವಾಳ, ಹೊಣೆ ಎಂದೆಲ್ಲ ಹಲಗೆಯ ಮೇಲೆ ಬರೆದು ಹತ್ತು ಜನರ ತಲೆ ತಿಂದಿದ್ದೆ. ಈಗ ಹಲಗೆ ಬಿಟ್ಟು ಅವಳ ಸೇರು ಕೈಗೆತ್ತಿಕೊಂಡೆ.

ಒಂದು ಸೇರು ಜೋಳ ಅಳೆದು ಮೊರಕ್ಕೆ ಸುರಿದೆ. ಮನೆಯಲ್ಲಿದ್ದ ಜೋಳದಿಂದ ಉಳಿದ ಹತ್ತು ಜನರ ಹೆಸರಲ್ಲಿ ಹತ್ತು ಸೇರು ಅದರ ಮೇಲೆ ಸುರಿದೆ. ಕಾಳು ಕಾಳಿನಲ್ಲಿ ಬೆರೆಯಿತು. “ಇದರಾಗ ನಿನ್ನವು ಯಾವು, ಆರಿಸು” ಎಂದೆ. ತಾಯಮ್ಮ ಮೊರ ನೋಡಿದಳು, ನನ್ನನ್ನು ನೋಡಿದಳು.

ಸಾಲ ಕೊಟ್ಟ ಸೇರು ಬೇರೆ, ಕೂಡಿಸಿದ ಸೇರು ಬೇರೆ ಎಂದು ಅವಳಿಗೆ ಹೇಳತೊಡಗಿದೆ. ಕಡ ಕೊಟ್ಟದ್ದು ಸುಗ್ಗಿಗೆ ಅಷ್ಟೇ ಅಳತೆಯಲ್ಲಿ ಮರಳಿ ಬರುತ್ತದೆ. ಇದು ಹಾಗೆ ಬರುವುದಿಲ್ಲ, ಏಕೆಂದರೆ ಅದೀಗ ಹಿಟ್ಟಾಗಿದೆ, ಬೇರೆಯವರ ಜೋಳದ ಜಿಗುಟು ಹಿಡಿದಿದೆ. ಬೇಡವಾದ ದಿನ ನಿನ್ನ ಪಾಲನ್ನು ಕೊಳ್ಳುವ ಇನ್ನೊಬ್ಬಳನ್ನು ನೀನೇ ಹುಡುಕಬೇಕು. ರೊಟ್ಟಿ ಚೆನ್ನಾಗಿ ಹೋದರೆ ಪ್ರತಿ ರೊಟ್ಟಿಯಲ್ಲೂ ನಿನ್ನದೊಂದು ತುಣುಕು. ಹಂಚಿನ ಮೇಲೆ ಸೀದರೆ ನಿನ್ನ ತುಣುಕೂ ಸೀಯುತ್ತದೆ. ಆದರೆ ಕಂಪನಿಯೇ ಮುಳುಗಿದರೂ ಹೋಗುವುದು ನೀನು ಸುರಿದ ಸೇರು ಮಾತ್ರ. ಇನ್ನಷ್ಟು ತಾ ಎಂದು ಯಾರೂ ಕಲ್ಲೂರಿಗೆ ಬಂದು ನಿನ್ನ ಮನೆಯ ಗಡಿಗೆ ಮುಟ್ಟುವಂತಿಲ್ಲ. ಸೀಯುವುದೇ ಇಲ್ಲ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದವರೇ ಅವಳ ಮೈದುನನ ಹಣ ತೆಗೆದುಕೊಂಡು ಹೋದವರು.

ಅವಳು ಬಹಳ ಹೊತ್ತು ಕಾಳಿನಲ್ಲಿ ಬೆರಳಾಡಿಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: “ಅಳತಿ ನೋಡೋರು ಯಾರು?”

“ನೀನೇ,” ಎಂದೆ. “ಶೇರು ಇದ್ದಾಕಿಗೆ ವರ್ಷಾ ವರ್ಷಾ ಲೆಕ್ಕದ ಕಾಗದ ಕೊಡಲೇಬೇಕು. ಕಡಿಮಿ ಬಿದ್ದದ್ದು ಎಲ್ಲಿ ಹೋತು ಅಂತ ಸಭಾದಾಗ ನಿಂತು ಕೇಳಬಹುದು.”

ಹೇಳುತ್ತಿದ್ದಂತೆ ನನಗೆ ನನ್ನ ಮೇಜಿನ ಮೇಲಿನ ಸೇರು ನೆನಪಾಯಿತು, ಅದರ ಕಥೆಯನ್ನೂ ಅವಳಿಗೆ ಹೇಳಿದೆ. ಅವ್ವ ದೇವದುರ್ಗದ ಕಡೆ ಹೊಲಗೆಲಸಕ್ಕೆ ಹೋಗುತ್ತಿದ್ದಾಗ ವಾರದ ಕೂಲಿ ಜೋಳದಲ್ಲಿ ಬರುತ್ತಿತ್ತು. ಹೊಲದೊಡೆಯರ ಸೇರಿನ ತಳ ಒಳಮುಖವಾಗಿ ಉಬ್ಬಿತ್ತು. ಮೇಲೆ ಅಂಗೈಯಿಂದ ಸಮ ಸವರಿ ಕೊಡುತ್ತಿದ್ದರು. ಅವ್ವ ಸಂತೆಯಲ್ಲಿ ಒಂದು ಸೇರು ಕೊಂಡಳು. ಅಳೆಯಲು ನಮ್ಮ ಮನೆಯಲ್ಲಿ ಇನ್ನೇನಿತ್ತು? ಕೂಲಿಯನ್ನೇ ಮನೆಗೆ ತಂದು ಮತ್ತೆ ಅಳೆದಳು. ಸೇರಿಗೊಂದು ಮುಷ್ಟಿ ಕಡಿಮೆ. ನಾಲ್ಕು ವಾರ ಅಳೆದಳು, ನಾಲ್ಕು ವಾರವೂ ಕಡಿಮೆ. ಐದನೆಯ ವಾರ ಆ ಸೇರನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಕೂಲಿ ತರಲು ಹೋದಳು. ಅವಳೂ ಏನೂ ಅನ್ನಲಿಲ್ಲ, ಅವರೂ ಏನೂ ಅನ್ನಲಿಲ್ಲ. ಕಳೆದುಹೋಗಿದ್ದ ಮುಷ್ಟಿ ಮಾತ್ರ ತಾನಾಗಿ ಬಂದು ಕೂಡಿಕೊಂಡಿತು.

ಹೂಡಿಕೆಯ ವಿದ್ಯೆ ಬಲ್ಲವರು ಶೇರಿನ ಬೆಲೆ ಏರುವುದನ್ನೂ ಇಳಿಯುವುದನ್ನೂ ಹೇಳುತ್ತಾರೆ. ಅದು ಅವರ ಕೆಲಸ. ನನ್ನಂಥವಳಿಗೆ ಅದರಲ್ಲಿ ಕಾಣುವ ಹಿರಿದಾದ ವಸ್ತು ಬೇರೆ. ಅವ್ವ ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡ ಹಕ್ಕನ್ನು, ಅಳೆದು ನೋಡುವ ಹಕ್ಕನ್ನು, ಕಾಗದದಲ್ಲಿ ಬರೆದು ಕೊಟ್ಟರೆ ಅದಕ್ಕೆ ಶೇರು ಎನ್ನುತ್ತಾರೆ.

ಈ ಕಥೆ ಹೇಳಿ ಮುಗಿಸಿದಾಗ ತಾಯಮ್ಮ ಚಂಚಿ ಬಿಚ್ಚುತ್ತಿದ್ದಳು.

“ಮೂರು ಬರಕೊ. ಐದಲ್ಲ. ಉಳದಿದ್ರಾಗ ಒಂದು ಮರಿ ತರ್ತೀನಿ. ಎಲ್ಲಾ ಒಂದೇ ಹಂಚಿನ ಮ್ಯಾಲೆ ಹಾಕ್ಬಾರದು.”

ಯಾವ ಸಲಹೆಗಾರನೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ಐವತ್ತಮೂರು. ಮುಳ್ಳು ಇತ್ತ ವಾಲಿತು.

ನಾಲ್ಕಕ್ಕೆ ಸರಿಯಾಗಿ ಬಸಣ್ಣ ಸಾವುಕಾರರು ಬಂದರು. ವೇಳೆ ಪಾಲಿಸುವವರ ಮೇಲೆ ನನಗೆ ಮೊದಲಿಂದಲೂ ಗೌರವ. ಅರವತ್ತು ಕೇಳಿದವರಿಗೆ ನಲವತ್ತೇಳು ಎಂದಾಗ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ನಲವತ್ತೇಳಕ್ಕ ನನ್ನ ಮಾತು ಯಾರು ಕೇಳ್ತಾರವ್ವಾ?”

“ನಾವು ಕೇಳ್ತೀವ್ರಿ,” ಅಂದಳು ಹುಲಿಗೆಮ್ಮ. “ಪೂರಾ ಕೇಳಿ, ಆಮ್ಯಾಲೆ ನಮ್ಮದು ಹೇಳ್ತೀವಿ.”

ಸಾವುಕಾರರು ಎದ್ದು ಚಪ್ಪಲಿ ಮೆಟ್ಟಿದರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವರು ಹೋದರೆ ಗಿರಣಿಯೂ ಹೋದಂತೆ. ತಾಯಮ್ಮ ಮಾತ್ರ ಒಲೆಯ ಮುಂದಿದ್ದಳು. ತನ್ನ ಜೋಳದಲ್ಲಿ ಒಂದಿಷ್ಟನ್ನು ಪಕ್ಕದ ಗಿರಣಿಯಲ್ಲಿ ಬೀಸಿಸಿ ತಂದು ಆಗಲೇ ಬಡಿಯತೊಡಗಿದ್ದಳು.

“ಸಾವುಕಾರ್ರ, ಹೋಗೋರು ಹೋಗ್ರಿ, ಬಿಸಿ ರೊಟ್ಟಿ ಬಿಟ್ಟು ಯಾಕ ಹೋಗ್ತೀರಿ?”

ಅವರು ಚಪ್ಪಲಿ ಬಿಟ್ಟು ಕುಳಿತರು. ಪುಂಡಿಪಲ್ಯ, ಶೇಂಗಾ ಹಿಂಡಿ, ರೊಟ್ಟಿ. ಎರಡನೆಯ ರೊಟ್ಟಿ ಮುರಿಯುತ್ತ, ಯಾರಿಗೂ ಅಲ್ಲದಂತೆ ಅಂದರು: “ಇವರು ಕೈ ಝಾಡ್ಸಿ ಎದ್ದುಹೋದ್ರ ನನ್ನ ಅರವತ್ತು ಶೇರು ಏನು, ಸುಟಗೊಂಡು ತಿನ್ಲೇನು? ಬರೀರ್ರಿ ಸಿಸ್ಟರ್, ನಲವತ್ತೇಳು.”

ಬರೆದೆ. ಹನ್ನೆರಡು ಜನರಿಗೂ ಓದಿ ಹೇಳಿದೆ, ಈ ಸಲ ಒಬ್ಬೊಬ್ಬರ ಬಾಯಿಂದಲೂ ತಿರುಗಿ ಹೇಳಿಸಿದೆ. ಸಹಿ, ಹೆಬ್ಬೆಟ್ಟು ಎಲ್ಲ ಆಯಿತು. ಹೊರಡುವಾಗ ತಾಯಮ್ಮ ಉಳಿದ ಜೋಳದಲ್ಲಿ ಒಂದು ಸೇರು ಅಳೆದು ನನ್ನ ಚೀಲಕ್ಕೆ ಸುರಿದಳು. “ನಿನಗ ಶೇರಂತೂ ಇಲ್ಲ, ಸೇರರ ತಗೊ. ಬರದದ್ದರ ಕೂಲಿ.” ಸವರಿ ಅಳೆಯಲಿಲ್ಲ, ಮೇಲೆ ಗೋಪುರ ಕಟ್ಟುವಂತೆ ತುಂಬಿ ಅಳೆದಳು.

ಆರು ಗಂಟೆಗೆ ಮನೆ. ದೀಪ ಹಾಕಿ, ಅವ್ವನ ಸೇರಿನಿಂದ ಪೆನ್ನು, ಕತ್ತರಿ, ಥರ್ಮಾಮೀಟರುಗಳನ್ನು ತೆಗೆದು ಸ್ಟೀಲು ಲೋಟಕ್ಕೆ ವರ್ಗ ಮಾಡಿದೆ. ಸೇರನ್ನು ತೊಳೆದು, ಒರೆಸಿ, ತಾಯಮ್ಮನ ಜೋಳ ಅದರಲ್ಲಿ ಸುರಿದೆ. ಅಂಚಿನವರೆಗೆ ಬಂತು, ಅಂಚು ಮೀರಿತು, ಮೇಜಿನ ಮೇಲೆ ಚೆಲ್ಲಿತು. ಚೆಲ್ಲಿದ್ದನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡೆ.

ಸರಿಯಾಗಿ ಒಂದು ಮುಷ್ಟಿ.