ನನಗೆ ಗೊತ್ತಿಲ್ಲದ ವಾಲ್ವ್

ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮಸ್ಕಿಯ ಮನೆಯ ಬಚ್ಚಲಲ್ಲಿ ಪೈಪು ಒಡೆದು, ನೀರು ಎದುರಿನ ಗೋಡೆಗೆ ಬಡಿಯತೊಡಗಿತು. ಟವೆಲು ಒತ್ತಿ ಹಿಡಿದೆ, ನಿಲ್ಲಲಿಲ್ಲ. ಎಲ್ಲಿ ಬಂದ್ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಅದೇ ಮನೆಯಲ್ಲಿದ್ದೆ. ಎಂಟರ ಬಸ್ಸಿಗೆ ಲಿಂಗಸುಗೂರಿನ ಕಚೇರಿಗೆ ಹೋದರೆ ಮರಳುವುದು ಸಂಜೆಗೆ. ನಳದ ನೀರು ಬರುವ ಹೊತ್ತು, ಟಾಕಿ ತುಂಬಿಸುವುದು ಎಲ್ಲ ಅವಳದೇ ಕಾರುಬಾರು.

ನನ್ನ ಫೋನು ನೀರಿಗೆ ಬಿದ್ದು ಸತ್ತಿತ್ತು. ಅವಳ ಫೋನನ್ನು ನಾನಿನ್ನೂ ಚಾರ್ಜಿಗೆ ಹಾಕುತ್ತಿದ್ದೆ. ಅದರಲ್ಲಿ 'ನಳದಣ್ಣ, ಲೈಸೆನ್ಸ್ ಇದ್ದವ' ಎಂಬ ನಂಬರಿತ್ತು. ಒತ್ತಿದೆ.

"ಅಕ್ಕಾರ! ಭಾಳ ದಿನ ಆತಲ್ರಿ ಫೋನ್ ಮಾಡಿ!"

"ನಾ ಅಕಿ ಮನಿಯವ್ರು ಮಾತಾಡಾಕತ್ತೀನ್ರಿ," ಎಂದು ಪೈಪಿನ ಕಥೆ ಹೇಳಿದೆ.

"ಸಿಂಧನೂರಾಗ ಅದೀನ್ರಿ ಸರ, ತಾಸಿನ್ಯಾಗ ಬರ್ತೀನಿ. ಅಲ್ಲೀತನ ಅಕ್ಕಾರಿಗೆ ವಾಲ್ವ್ ಬಂದ್ ಮಾಡಾಕ ಹೇಳ್ರಿ. ಅವರಿಗೆ ಗೊತ್ತೈತಿ."

"ಅಕಿ ಮನ್ಯಾಗಿಲ್ರಿ."

"ಹಂಗಾದ್ರ ಹಿತ್ತಲಾಗ ಅರಬಿ ಒಗಿಯೋ ಕಲ್ಲಿನ ಬಾಜೂಕ ಒಂದು ಪರಸಿ ಐತಿ. ಎತ್ತಿ ನೋಡ್ರಿ."

ಆ ಚಪ್ಪಡಿ ಎತ್ತಿದೆ. ವಾಲ್ವ್ ಇತ್ತು, ಆದರೆ ಜಗ್ಗಲಿಲ್ಲ. ನೀರು ಪಡಸಾಲೆಗೂ ಬಂತು.

ಆತ ಬಂದ. ನನ್ನದೇ ವಯಸ್ಸು, ಬೆಳ್ಳನೆಯ ಮೀಸೆ. ಒಳಗೆ ಬಾರದೆ ನೇರ ಹಿತ್ತಲಿಗೆ ಹೋಗಿ, ವಾಲ್ವಿಗೆ ಸ್ಪ್ಯಾನರಿನಿಂದ ಎರಡೇಟು ಹಾಕಿ ತಿರುಗಿಸಿದ. ನೀರಿನ ಸದ್ದು ನಿಂತಿತು.

"ಅಕ್ಕಾರು ಊರಿಗೆ ಹೋಗ್ಯಾರೇನ್ರಿ?"

ಹೌದು ಅಂದುಬಿಡಬಹುದಿತ್ತು. "ತೀರಿಕೊಂಡ್ಲು. ಐದು ತಿಂಗಳಾತು."

ಆತ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. "ನನಗ ಯಾರೂ ಹೇಳ್ಲಿಲ್ಲಲ್ರಿ ಸರ."

ಯಾರು ಹೇಳಬೇಕಿತ್ತು? ನೆಂಟರಿಗೆ, ಕಚೇರಿಗೆ, ಓಣಿಯವರಿಗೆ ತಿಳಿಸಿದ್ದೆ. ನಾನು ಕಾಣದ ಜನ ಅವಳಿಗಿದ್ದರೆಂಬುದು ಹೊಳೆದೇ ಇರಲಿಲ್ಲ.

ಗೋಡೆ ಒಡೆದು ಹೊಸ ಪೈಪು ಕೂರಿಸುತ್ತ ಆತ ತಾನಾಗಿಯೇ ಮಾತಾಡಿದ. "ಮೊದಲ ಸಲ ಬಂದಾಗ, ಲೈಸೆನ್ಸ್ ತೋರ್ಸಪಾ ಅಂದ್ರು. ನೋಡಿದ ಮ್ಯಾಲನ ಒಳಗ ಬಿಟ್ರು. ಆಮ್ಯಾಲ ನಳದ ವಾಶರ್ ಹಾಕೋದು ಕಲಸು ಅಂತ ಗಂಟು ಬಿದ್ರು. ಎರಡ ಸಲಕ್ಕ ಕಲ್ತ್ರು ನೋಡ್ರಿ." ಪೈಪಿನ ತುದಿಗೆ ಟೇಪು ಸುತ್ತುತ್ತ ಹೇಳಿದ: "ನಮ್ಮನಿಯವರಿಗೆ ಹೇಳಬ್ಯಾಡ, ನಗತಾರ ಅಂದಿದ್ರು."

ನಾನು ನಗುತ್ತಿದ್ದೆನೇ? ನಗುತ್ತಿದ್ದೆ, ಅನ್ನಿಸುತ್ತದೆ. ಬಾಗಿಲಿಗೆ ಆನಿಕೊಂಡು ನಿಂತೆ. ಈ ಐದು ತಿಂಗಳಲ್ಲಿ ಬಂದವರೆಲ್ಲ ನನಗೆ ಧೈರ್ಯ ಹೇಳಿದ್ದರು. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಹೇಳಿದವನು ಇವನೊಬ್ಬನೇ.

ಹೋಗುವ ಮುನ್ನ ನನ್ನ ಕೈಯಿಂದಲೇ ಮೂರು ಸಲ ವಾಲ್ವ್ ತೆರೆಸಿ ಮುಚ್ಚಿಸಿದ. ಬೈಕು ಓಣಿಯ ತಿರುವು ದಾಟಿದ ಮೇಲೂ ಬಾಗಿಲಲ್ಲೇ ನಿಂತಿದ್ದೆ.

ಮುಂದಿನ ತಿಂಗಳು ಅಡುಗೆಮನೆಯ ಸಿಂಕಿನ ಕೆಳಗೆ ಸಣ್ಣಗೆ ಸೋರತೊಡಗಿತು. ಫೋನ್ ಮಾಡಿದೆ. ಆತ ಮುದಗಲ್‌ನಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದ.

"ಬ್ಯಾರೆಯವ್ರನ್ನ ಕಳಸ್ಲೇನ್ರಿ ಸರ? ಇವತ್ತ ಬರ್ತಾರ."

"ಬ್ಯಾಡ್ರಿ. ನೀವ ಬರ್ರಿ. ಅವಸರಿಲ್ಲ."

"ಆತ್ರಿ. ಶುಕ್ರವಾರ ಬರ್ತೀನಿ."

ಸಿಂಕಿನ ಕೆಳಗೆ ಬೋಗುಣಿ ಇಟ್ಟೆ. ಶುಕ್ರವಾರ ಕಚೇರಿಗೆ ರಜೆ ಹಾಕಿದೆ.