ಶೂಮಾನ್ ಮೇಷ್ಟ್ರು

ಪುರವರದ ಗಂಗಾಧರಯ್ಯನವರನ್ನು ಅವರ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಮಧುಗಿರಿಯಿಂದ ಪಾವಗಡದವರೆಗೆ ಅವರು ಶೂಮಾನ್ ಮೇಷ್ಟ್ರೇ. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ, ಯುರೋಪನ್ನು ಒಂದುಗೂಡಿಸಲು ಹೊರಟ ಆ ಫ್ರೆಂಚ್ ಮಂತ್ರಿಯ ಹೆಸರನ್ನು ತಾವೇ ಹೊದ್ದುಕೊಂಡವರು. ಎಲ್ಲಿ ಅಣ್ಣತಮ್ಮಂದಿರು ಪಾಲಿಗೆ ಕೂತರೂ ಕರೆಯದೆಯೇ ಹಾಜರಾಗಿ, ಟವೆಲ್ ಕೊಡವಿ ಶುರುಮಾಡುವರು: “ಫ್ರಾನ್ಸು, ಜರ್ಮನಿ ಹೆಣದ ಮೇಲೆ ಹೆಣ ಉರುಳುಸ್ದೋರು ಕಣ್ರಲಾ. ಕಲ್ಲಿದ್ದಲು, ಉಕ್ಕು ಎರಡ್ನೂ ಒಟ್ಗೆ ಇಟ್ಕಳಿ ಅಂದ ಶೂಮಾನ್, ಇಟ್ಕಂಡ್ರು. ನಿಮ್ಗೊಂದು ಬೋರ್‌ವೆಲ್ ಒಟ್ಗೆ ಇಟ್ಕಳಕ್ಕಾಗಲ್ವಾ?” ಟೀ ಆರಿದರೂ ಅವರ ಮಾತು ಆರುತ್ತಿರಲಿಲ್ಲ, ಸೋತು ಒಪ್ಪಿಕೊಂಡ ಮನೆಗಳೇ ಹೆಚ್ಚು. ಅವರದೇ ಹೊಲದ ಜಂಟಿ ಬೋರ್‌ವೆಲ್ ಮಾತ್ರ ಹನ್ನೊಂದು ವರ್ಷದಿಂದ ನಿಂತಿತ್ತು. ನೀರಿನ ಸರದಿಗೆ ತಮ್ಮ ಪಾಲಾಕ್ಷನೊಂದಿಗೆ ಜಗಳವಾಗಿ, ಮೇಷ್ಟ್ರು ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಜಡಿದಿದ್ದರು. ಮಾರನೆಯ ದಿನ ಪಕ್ಕದಲ್ಲಿ ತಮ್ಮನದೂ ಒಂದು ಬೀಗ ದೂರದಿಂದ ಕಂಡಿತು; ಆಮೇಲೆ ಅವರು ಅತ್ತ ಕಾಲಿಡಲಿಲ್ಲ, ಅವನೊಂದಿಗೆ ಮಾತೂ ಆಡಲಿಲ್ಲ. ಪಾಲಾಕ್ಷ ತೀರಿಕೊಂಡು ತಿಥಿ ಮುಗಿದ ದಿನ ಅವನ ಹೆಂಡತಿ ಮಂಗಳಾ ಬಂದು, “ಭಾವ, ಅವ್ರ ಬೀಗದ ಕೀ ಎಲ್ಲೂ ಸಿಗ್ಲಿಲ್ಲ, ನೀವೇ ಒಡೆದ್ಬುಡಿ” ಎಂದಳು. ಮೇಷ್ಟ್ರು ಸುತ್ತಿಗೆ ಹಿಡಿದು ಹೋದರು. ಏಟು ಹಾಕುವ ಮೊದಲೇ ತಮ್ಮನ ಬೀಗ ಕೈಗೆ ಬಂತು. ಅಷ್ಟು ವರ್ಷವೂ ಅದು ಕೊಂಡಿಗೆ ಬರೀ ನೇತುಬಿದ್ದಿತ್ತು, ಬಿಗಿದಿದ್ದದ್ದು ಮೇಷ್ಟ್ರದೊಂದೇ.